ನಾಯಿ ಬಿಸ್ಕೀಟ್ ಒಲ್ಲೆ ಅಂದ ದಿನ

ನಮ್ಮ ನರ್ಸಬಾಯಿ ದೋಣಿಯಲ್ಲಿ ಕೂತರೆಂದರೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಬಿಡುತ್ತಿದ್ದರು. ತೊಡೆಯ ಮೇಲೆ ಲಸಿಕೆಯ ನೀಲಿ ಡಬ್ಬಿ, ಒಂದು ಕೈ ಅದರ ಮೇಲೆ, ಇನ್ನೊಂದು ಕೈ ದೋಣಿಯ ಅಂಚಿನ ಮೇಲೆ. ಅಂಚು ಹಿಡಿದ ಬೆರಳ ಗೆಣ್ಣುಗಳು ಬೆಳ್ಳಗಾಗಿರುತ್ತಿದ್ದವು. ಮೂಗಿನ ತುದಿಯಲ್ಲಿ ಬೆವರು, ತುಟಿಯಲ್ಲಿ ಏನೋ ಪಿಟಿಪಿಟಿ ಜಪ. ದೋಣಿ ದಂಡೆಗೆ ತಾಗಿ ಕರ್ ಅಂದ ಮೇಲೆಯೇ ಕಣ್ಣು ಬಿಡುವುದು. ಕಣ್ಣು ಬಿಟ್ಟ ಕೂಡಲೇ ಬಾಯಿ ಶುರು. “ಏನ್ ಉಂಡ್ರಿ ಇವತ್ತ?” ಅಂತ ಎದುರಿಗೆ ಸಿಕ್ಕ ಮೊದಲನೆಯವರನ್ನು ಕೇಳುವರು. ಆರಾಮ ಇದ್ದೀರಾ, ಮಕ್ಕಳು ಹೇಗಿದ್ದಾರೆ, ಅದೆಲ್ಲ ಆಮೇಲೆ. ಮೊದಲು ಊಟದ ವಿಚಾರಣೆ.

ನಮ್ಮದು ಭೀಮಾ ಹೊಳೆಯ ನಡುಗಡ್ಡೆ. ಈ ಕಡೆ ಅಫಜಲಪುರ, ಆ ಕಡೆ ಜೇವರ್ಗಿ, ನಡುವೆ ನಾವು. ಬೇಸಿಗೆಯಲ್ಲಿ ಹೊಳೆಯ ಒಂದು ಕವಲು ಬತ್ತಿ, ಮರಳಿನ ಮೇಲೆ ನಡೆದೇ ದಾಟಬಹುದು. ಮಳೆಗಾಲದಲ್ಲಿ, ಅದರಲ್ಲೂ ಮೇಲೆ ಡ್ಯಾಮಿನಿಂದ ನೀರು ಬಿಟ್ಟಾಗ, ನಮಗೂ ಲೋಕಕ್ಕೂ ನಡುವೆ ಇರುವುದು ಒಂದೇ ದೋಣಿ. ನಾನು ಆಳಂದ ಕಡೆಯ ಮಾದನಹಿಪ್ಪರಗಾದಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ಮಳೆಗೆ ಬಾಯಿಬಿಡುವ ಒಣ ಎರೆಹೊಲ ನೋಡಿ ಬೆಳೆದ ನನಗೆ ಸುತ್ತಲೂ ನೀರಿನ ಸದ್ದು ಕೇಳುತ್ತ ಕೂರುವುದೆಂದರೆ ಆಗುತ್ತಿರಲಿಲ್ಲ. ಇವತ್ತಿಗೂ ಹೊಳೆ ಏರಿದರೆ ನಾನು ಕೂತಲ್ಲಿ ಕೂರುವವಳಲ್ಲ, ಒಳಗೂ ಹೊರಗೂ ತಿರುಗುತ್ತಲೇ ಇರುತ್ತೇನೆ. ನರ್ಸಬಾಯಿ ನರೋಣಾದವರು, ಅವರದೂ ಅದೇ ಕಥೆ. “ನಮ್ಮೂರಾಗ ಬಾವ್ಯಾಗ ಬಗ್ಗಿ ನೋಡಿದ್ರೂ ನೀರು ಕಾಣ್ತಿದ್ದಿಲ್ಲ. ನನ್ನ ನಸೀಬ ನೋಡವ್ವ, ಸರಕಾರದವರು ತಂದು ಹೊಳಿ ನಡುವ ಒಗದಾರ” ಅನ್ನುತ್ತಿದ್ದರು.

ಅವರಿಗೆ ಒಂದು ಚಟ ಇತ್ತು. ಊರಲ್ಲಿ ಏನಾದರೂ ಕಳೆದರೆ ಅದನ್ನು ಹುಡುಕಿ ಕೊಡುವವರೆಗೂ ಅವರಿಗೆ ಕಾಲು ನಿಲ್ಲುತ್ತಿರಲಿಲ್ಲ. ಒಮ್ಮೆ ಶಾಲೆಯ ಬಿಸಿಯೂಟದ ಕುಕ್ಕರ್ ಮಾಯವಾಯಿತು. ನಡುಗಡ್ಡೆಯಲ್ಲಿ ಕಳುವಾದರೆ ಕಳ್ಳ ಹೊರಗಿನವನಲ್ಲ, ಪಕ್ಕದ ಮನೆಯವನೇ. ಹಾಗಾಗಿ ಯಾರೂ ಬಾಯಿಬಿಟ್ಟು ಯಾರನ್ನೂ ಕೇಳುವ ಹಾಗಿಲ್ಲ. ನರ್ಸಬಾಯಿ ಬಿಪಿ ನೋಡುವ ನೆಪದಲ್ಲಿ ಮನೆಮನೆಗೆ ಹೋದರು, ಎಲ್ಲಿ ಕರೆದರೆ ಅಲ್ಲಿ ಉಂಡರು. ಒಂದು ಮನೆಯಲ್ಲಿ ಸಾರನ್ನಕ್ಕೆ ಕೈಹಾಕಿ, “ತಂಗಿ, ನಿಮ್ಮನಿ ತೊಗರಿ ಬ್ಯಾಳಿ ಯಾವಾಗಿಂದ ಇಷ್ಟ ಮೆತ್ತಗ ಕುದಿಯಾಕತ್ತದ?” ಅಂದರಂತೆ. ಮರುದಿನ ಕುಕ್ಕರ್ ಶಾಲೆಯ ಕಟ್ಟೆಯ ಮೇಲೆ ಬಂದು ಕೂತಿತ್ತು. ಯಾರ ಮನೆಯ ಬೇಳೆ ಎಂದು ನಾವೆಲ್ಲ ಪೀಡಿಸಿದರೂ ಅವರು ಹೇಳಲಿಲ್ಲ. “ಯಾರ ಮನ್ಯಾಗ ಏನ್ ನಡದದ ಅಂತ ಗೊತ್ತಾಗಬೇಕಂದ್ರ ಅವರ ತಾಟ ನೋಡಬೇಕು” ಅಂದು ಚಹಾ ಹೀರಿದರು. ಚಹಾ ಮಾತ್ರ ದಿನಕ್ಕೆ ಎಷ್ಟು ಸಲ ಕೊಟ್ಟರೂ ಬೇಡ ಅಂದವರಲ್ಲ.

ಅಡಿಗೆ ಮಾತ್ರ ದೇವರೇ ಗತಿ. ಅವರು ಬಡಿದ ರೊಟ್ಟಿ ಒಂದು ಕಡೆ ಹಸಿ, ಇನ್ನೊಂದು ಕಡೆ ಕರಕು. ಅವರ ರೊಟ್ಟಿಯನ್ನು ಪೂರ್ತಿ ಉಂಡವರನ್ನು ನಾನು ಕಂಡಿಲ್ಲ. ಇನ್ನೊಂದು, ನಾಯಿಗೆ ಅಂಜುತ್ತಿದ್ದರು. ನಮ್ಮ ಮನೆಯ ಕೆಂದ ನಾಯಿ ಹತ್ತಿರ ಬರದಿರಲೆಂದು ಬಂದಾಗಲೊಮ್ಮೆ ಚೀಲದಿಂದ ಒಂದು ಬಿಸ್ಕೀಟ್ ತೆಗೆದು ದೂರದಿಂದ ಒಗೆಯುತ್ತಿದ್ದರು. “ಇದು ನಾ ಕೊಡೂ ಲಂಚ” ಅನ್ನುವರು. ನಾಯಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಅವರ ಚೀಲ ಕಂಡರೆ ಬಾಲದ ಜೊತೆ ಇಡೀ ಮೈಯನ್ನೇ ಅಲ್ಲಾಡಿಸುತ್ತಿತ್ತು.

ಆ ವರ್ಷ ನಾನು ಚೊಚ್ಚಲ ಬಸುರಿ, ಎಂಟು ತಿಂಗಳಲ್ಲಿ ಬಿದ್ದಿತ್ತು. ತವರಿನಿಂದ ಅಣ್ಣ ಕರೆಯಲು ಬರುವ ಮೊದಲೇ ಹೊಳೆ ಏರಿ ದೋಣಿಯ ಓಡಾಟ ನಿಂತಿತು. ಬಾಡಿಗೆ ಟೆಂಪೋ ಓಡಿಸುವ ನನ್ನ ಗಂಡ ಸೊಲ್ಲಾಪುರಕ್ಕೆ ಹೋದವರು ಆಚೆ ದಂಡೆಯಲ್ಲೇ ಸಿಕ್ಕಿಬಿದ್ದರು. ಮನೆಯಲ್ಲಿ ಉಳಿದದ್ದು ನಾನು ಮತ್ತು ಮಾವ. ಮಾವ ಊರಿಗೆ ಗೌಡರು, ಮನೆಯಲ್ಲಿ ಮಾತೇ ಇಲ್ಲದವರು. ಅತ್ತೆಯನ್ನು ನಾನು ನೋಡಿಲ್ಲ. ನನ್ನ ಗಂಡ ಅಂಬೆಗಾಲಿಡುವಾಗ, ಎರಡನೆಯ ಹೆರಿಗೆಗೆಂದು ದೋಣಿ ಹತ್ತಿದ ಅತ್ತೆ ಹೊಳೆಯ ಪಾಲಾದರು ಅಂತ ಊರವರು ಹೇಳಿದ್ದಷ್ಟೇ ಗೊತ್ತು. ಅಂದಿನಿಂದ ಮಾವ ದೋಣಿಯಲ್ಲಿ ಕಾಲಿಟ್ಟವರಲ್ಲ. ಪೇಟೆ, ಲಗ್ನ, ಬೀಗರ ಮನೆ, ಎಲ್ಲ ಬೇಸಿಗೆಗೆ, ಕವಲು ಬತ್ತಿದ ಮೇಲೆ.

ಶ್ರಾವಣದ ಒಂದು ಸಂಜೆ, ನಮ್ಮೂರಲ್ಲೇ ಕೋಣೆ ಮಾಡಿಕೊಂಡಿದ್ದ ನರ್ಸಬಾಯಿ ನನ್ನ ಪಾದ ಒತ್ತಿ ನೋಡಿದರು. ಒತ್ತಿದಲ್ಲಿ ಕುಳಿ ಬಿತ್ತು. ತೋಳಿಗೆ ಬಿಪಿ ಪಟ್ಟಿ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ ಪಡಸಾಲೆಗೆ ಹೋಗಿ ಮಾವನಿಗೆ ಹೇಳಿದ್ದು ನನಗೂ ಕೇಳಿಸಿತು.

“ಗೌಡ್ರ, ನಾಳಿ ಬೆಳಕ ಹರದ ಕೂಡ್ಲೆ ಇಕಿನ್ನ ಹೊಳಿ ದಾಟಿಸಬೇಕು. ಬಿಪಿ ಭಾಳ ಏರೇದ. ತಡ ಮಾಡಿದ್ರ ತಾಯಿನೂ ದಕ್ಕಂಗಿಲ್ಲ, ಕೂಸೂ ದಕ್ಕಂಗಿಲ್ಲ.”

ಮಾವ ಕೆರ ಮೆಟ್ಟಿಕೊಂಡು ಹೊರಗೆ ಹೋದ ಸದ್ದು ಕೇಳಿಸಿತು.

ಬೆಳಿಗ್ಗೆ ನೋಡಿದರೆ ದೋಣಿ ಇಲ್ಲ. ಗೂಟ ಇತ್ತು, ದೋಣಿ ಇರಲಿಲ್ಲ. ಊರು ಊರೇ ದಂಡೆಗೆ ಓಡಿತು. ಮಳೆಗೆ ಕರೆಂಟು ಹೋಗಿ ಫೋನುಗಳೆಲ್ಲ ಸತ್ತಿದ್ದವು. ಜೀವ ಇದ್ದ ಒಂದು ಫೋನಿನಿಂದ ತಾಲೂಕಿಗೆ ಮಾತಾಡಿದರೆ, ಬೋಟುಗಳು ಬೇರೆ ಹಳ್ಳಿಗಳಿಗೆ ಹೋಗಿವೆ, ಬಂದ ಕೂಡಲೇ ಕಳಿಸುತ್ತೇವೆ ಅಂದರು. ಎಲ್ಲರ ಸಿಟ್ಟು ಅಂಬಿಗನ ಮೇಲೆ ತಿರುಗಿತು. ಅವನು ಆಗೀಗ ಕುಡಿಯುತ್ತಿದ್ದ. ಕುಡಿದು ಹಗ್ಗ ಕಟ್ಟದೇ ಬಿಟ್ಟಿದ್ದಾನೆ, ಇಂಥವನ ಕೈಯಲ್ಲಿ ಇನ್ನು ದೋಣಿ ಕೊಡಬಾರದು ಅಂದರು. “ನನ್ನ ಮಕ್ಕಳಾಣಿ, ಎರಡು ಗಂಟು ಹಾಕೇನ್ರಿ” ಅಂತ ಅವನು ಕೈಮುಗಿದು ಹೇಳಿದ. ಯಾರೂ ಕೇಳಲಿಲ್ಲ. ಮಾವ ಅಲ್ಲೇ ನಿಂತಿದ್ದರಂತೆ. ಗೌಡರು ಒಂದು ಮಾತು ಆಡಿದ್ದರೆ ಅವನು ಉಳಿಯುತ್ತಿದ್ದ. ಆಡಲಿಲ್ಲ.

ಅವತ್ತು ದಂಡೆಯಲ್ಲಿ ಎಲ್ಲರೂ ನೀರು ನೋಡುತ್ತಿದ್ದರೆ ನರ್ಸಬಾಯಿ ನೆಲ ನೋಡಿದ್ದರು. ಗೂಟದ ಬುಡದ ರಾಡಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಇಷ್ಟಲಿಂಗ ಬಿದ್ದಿತ್ತು, ಕೊರಳ ದಾರ ಹರಿದಿತ್ತು. ಅದನ್ನು ಯಾರಿಗೂ ಕಾಣದ ಹಾಗೆ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡರು. ಇದನ್ನು ನನಗೆ ಹೇಳಿದ್ದು ಆಮೇಲೆ, ದವಾಖಾನೆಯಲ್ಲಿ. “ಎಲ್ಲಾರೂ ಅಂಗಿ ಬಿಚ್ಚಿ ಎದಿ ತೋರಸ್ರಿ ಅಂದಿದ್ರ ಊರು ಹೊತ್ತಿ ಉರೀತಿತ್ತು. ನಾವೂ ಲಿಂಗ ಕಟ್ಟಿದ ಮಂದಿನೇ, ನನಗ ಗೊತ್ತಿಲ್ಲೇನು? ಲಿಂಗ ಕಳಕೊಂಡಾವ ಪೂಜಿ ಇಲ್ಲದ ತುತ್ತು ಬಾಯಾಗ ಇಡಂಗಿಲ್ಲ. ಉಣಲಾರದಾವನ ಹುಡುಕಿದ್ರ ಆತು” ಅಂದರು.

ಹುಡುಕುವುದು ಸಲೀಸಿರಲಿಲ್ಲ. ಶ್ರಾವಣದಲ್ಲಿ ಅರ್ಧ ಊರು ಒಪ್ಪತ್ತು. ನರ್ಸಬಾಯಿ ಇಡೀ ದಿನ ಮಳೆಯಲ್ಲಿ ಮನೆಮನೆ ತಿರುಗಿ, ಏನ್ ಉಂಡ್ರಿ, ಏನ್ ಉಂಡ್ರಿ ಅಂತ ಕೇಳಿದರು. ನಡುನಡುವೆ ಬಂದು ನನಗೆ ಬಿಪಿ ಪಟ್ಟಿ ಸುತ್ತುವರು, ಮುಖ ಕಿವಿಚಿ ಮತ್ತೆ ಹೊರಗೆ ಹೋಗುವರು. ನನಗೆ ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಮಿಣಕು. ಎಡಮಗ್ಗುಲಿಗೆ ಮಲಗು ಅಂದರೆ ಬಲಕ್ಕೆ ಹೊರಳುತ್ತಿದ್ದೆ, ಬಲಕ್ಕೆ ಹೊರಳಿದರೆ ಏಳಬೇಕು ಅನ್ನಿಸುತ್ತಿತ್ತು. ಸಾಯುತ್ತೇನೆ ಅಂತ ಅನ್ನಿಸಿತ್ತು, ಅದನ್ನು ಮುಚ್ಚಿಡುವುದೇನು. ಮಾವನೂ ಕೂತಲ್ಲಿ ಕೂರುತ್ತಿರಲಿಲ್ಲ. ದಂಡೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ನೀರು ಇಳಿಯಿತೇನೋ ನೋಡಲು ಹೋಗುತ್ತಾರೆ ಅಂದುಕೊಂಡೆ.

ನಾನು ಮಲಗಿದ್ದರಿಂದ ಅಡಿಗೆ ನರ್ಸಬಾಯಿಯದೇ ಆಗಿತ್ತು. ಮರುದಿನ ಮುಂಜಾನೆ ಮಾವನಿಗೆ ನೀಡಿದ ತಾಟನ್ನು ತೊಳೆಯಲು ಒಯ್ಯುವಾಗ ಹಿತ್ತಲ ಬಾಗಿಲಲ್ಲಿ ನಾಯಿ ಮಲಗಿತ್ತು. ಅವರು ಎಂದಿನಂತೆ ಬಿಸ್ಕೀಟ್ ಒಗೆದರು. ನಾಯಿ ಅದನ್ನು ನೋಡಿತು, ಮುಖ ಆ ಕಡೆ ತಿರುಗಿಸಿ ಮತ್ತೆ ಮಲಗಿತು. ನರ್ಸಬಾಯಿ ನಾಯಿಯ ಉಬ್ಬಿದ ಹೊಟ್ಟೆ ನೋಡಿದರು, ಕೈಯಲ್ಲಿದ್ದ ಖಾಲಿ ತಾಟು ನೋಡಿದರು. ತಾಟು ಅಲ್ಲೇ ಕೆಳಗಿಟ್ಟು ನೇರ ಪಡಸಾಲೆಗೆ ಹೋದರು. ನಡುವಿನ ಬಾಗಿಲು ತೆರೆದಿತ್ತು. ಮುಂದಿನದೆಲ್ಲ ನಾನು ಮಲಗಿದಲ್ಲಿಂದಲೇ ಕೇಳಿದೆ.

“ಏನ್ ಉಂಡ್ರಿ ಗೌಡ್ರ?”

“ನೀವ ನೀಡಿದ್ದು. ರೊಟ್ಟಿ, ಪಲ್ಯ.”

“ಪೂರಾ?”

“ಪೂರಾ.”

“ನನ್ನ ರೊಟ್ಟಿ ನನಗೇ ನುಂಗಾಕ ಬರಂಗಿಲ್ಲ. ನಿಮ್ಮ ತಾಟ ನೆಕ್ಕಿದಂಗ ಆಗ್ಯದಂದ್ರ ನಂಬಲೇನ್ರಿ?”

ನರ್ಸಬಾಯಿ ಸೆರಗಿನ ಗಂಟು ಬಿಚ್ಚಿದರಂತೆ. ಲಿಂಗವನ್ನು ತೊಳೆದು, ಹೊಸ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದರಂತೆ, ಅದನ್ನು ಅವರ ಮುಂದಿನ ಮಣೆಯ ಮೇಲೆ ಇಟ್ಟರು. ಆಮೇಲೆ ಮಾವ ಅಳುವುದು ಕೇಳಿಸಿತು. ಗಂಡಸರು, ಅದೂ ನಮ್ಮ ಮಾವ, ಅಳುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

“ನನ್ನ ಹೆಂಡ್ತಿನ್ನ ನಾನೇ ಕೈ ಹಿಡದು ದೋಣಿ ಹತ್ತಿಸಿದ್ದೆ ಬಾಯಾರ. ಇದೇ ಹೊಳಿ, ಇದೇ ಶ್ರಾವಣ. ಏನೂ ಆಗಂಗಿಲ್ಲ ನಡಿ ಅಂದಿದ್ದೆ. ನನ್ನ ಕಣ್ಣ ಮುಂದ ಮಗಚಿತು. ಮತ್ತ ಈ ಹುಡುಗಿನ್ನೂ ನಾನೇ ಹತ್ತಿಸಲೇನು? ಮನ್ಯಾಗ ಹಡೀಲಿ. ನೀವ ಇದ್ದೀರಿ.”

“ನಾ ಇದ್ದು ಏನ್ ಮಾಡ್ಲಿ? ಇದಕ್ಕ ಔಷಧ ನನ್ನ ಡಬ್ಬ್ಯಾಗ ಇಲ್ಲ. ಇವತ್ತ ಝಟಕಿ ಬಂದು ಕೈಕಾಲು ಸೆಟದ್ರ ನಾ ಇಕಿ ಬಾಯಾಗ ಚಮಚ ಹಿಡಕೊಂಡು ನಿಮ್ಮಂಗ ಅಳಕೋತ ಕೂಡಬೇಕಾಗ್ತದ. ಹೊಳ್ಯಾಗ ಹೋದ್ರ ಹೋಗಬಹುದು. ಇಲ್ಲಿ ಇಟ್ರ ಹೋಗೂದೇ.” ದನಿ ತಗ್ಗಿಸಿ ಹೇಳಿದರು. “ನನಗ ಹೊಳಿ ಅಂದ್ರ ಎಷ್ಟ ಅಂಜಿಕಿ ಅದ ಅಂತ ಊರಿಗೇ ಗೊತ್ತದ. ನಾ ಇಕಿ ಸಂಗಾಟ ಕೂಡ್ತೇನಿ. ಇನ್ನೇನ್ ಹೇಳ್ಲಿ? ಲಿಂಗ ಕಟ್ಕೋರಿ. ದೋಣಿ ಎಲ್ಲದ ತೋರಸ್ರಿ.”

ದೋಣಿ ನಡುಗಡ್ಡೆಯ ಬಾಲದಲ್ಲಿ, ಅರ್ಧ ಮುಳುಗಿದ ಜಾಲಿ ಕಂಟಿಯ ಒಳಗಿತ್ತು. ಗೂಟದಿಂದ ಬಿಚ್ಚಿ, ದಂಡೆಗುಂಟ ಎದೆಮಟ್ಟ ನೀರಿನಲ್ಲಿ ಮಾವ ಒಬ್ಬರೇ ಎಳೆದು ಒಯ್ದಿದ್ದರು. ಹಗ್ಗ ಬಿಚ್ಚುವಾಗಲೇ ಕೊರಳ ದಾರ ಹರಿದದ್ದು. ನರ್ಸಬಾಯಿ ಹೋಗಿ ಊರವರನ್ನು ಕೂಗಿದರು. “ದೋಣಿ ಕಂಟ್ಯಾಗ ಸಿಕ್ಕೊಂಡದ ಬರ್ರಿ. ಹೊಳಿ ಜಗ್ಗೇದ, ಗಂಟು ಸಡಲೇದ. ಅಂಬಿಗಂದು ಏನೂ ತಪ್ಪಿಲ್ಲ. ಇನ್ನ ಯಾರರೇ ಅವನ ಹೆಸರ ಎತ್ತಿದ್ರ ಅವರಿಗಿ ದಪ್ಪ ಸೂಜಿ ಹಾಕ್ತೇನಿ.” ಅಂಬಿಗ ದೋಣಿಯ ಹಗ್ಗದ ತುದಿ ಹಿಡಿದು ನೋಡಿದ, ಆಮೇಲೆ ಹುಟ್ಟು ಎತ್ತಿಕೊಂಡ.

ನನ್ನನ್ನು ಕೌದಿಯಲ್ಲಿ ಎತ್ತಿ ತಂದು ಮಲಗಿಸಿದರು. ತಲೆ ನರ್ಸಬಾಯಿಯ ತೊಡೆಯ ಮೇಲೆ. ಮಾವ ದಂಡೆಯಲ್ಲಿ ಹೊಳೆಗೆ ಬೆನ್ನು ಮಾಡಿ ನಿಂತರು. ನಡುಹೊಳೆಯಲ್ಲಿ ದೋಣಿ ಒಮ್ಮೆ ಪೂರ್ತಿ ವಾಲಿತು, ನನ್ನ ಕಾಲ ಮೇಲೆ ನೀರು ಬಿತ್ತು. ನಾನು ಮೇಲೆ ನೋಡಿದೆ. ನರ್ಸಬಾಯಿಯ ಎರಡೂ ಕಣ್ಣು ತೆರೆದಿದ್ದವು. ಅಂಚು ಹಿಡಿಯುವ ಕೈ ನನ್ನ ಕೆನ್ನೆಯ ಮೇಲಿತ್ತು. ಆಚೆ ದಂಡೆ ಮುಟ್ಟುವವರೆಗೂ ಅವರು ನನ್ನ ಮುಖ ಬಿಟ್ಟು ಎಲ್ಲೂ ನೋಡಲಿಲ್ಲ, ಒಂದು ಸಲವೂ ಕಣ್ಣು ಮುಚ್ಚಲಿಲ್ಲ.

ಅವತ್ತೇ ಸಂಜೆ ಅಫಜಲಪುರದ ದವಾಖಾನೆಯಲ್ಲಿ ಮಗಳು ಹುಟ್ಟಿದಳು, ಬೆಕ್ಕಿನ ಮರಿಯಷ್ಟು ಇದ್ದಳು. ಮರುದಿನ ನರ್ಸಬಾಯಿ ಹಾಸಿಗೆಯ ಪಕ್ಕ ಕೂತು ಎಲ್ಲ ಬಿಡಿಸಿ ಹೇಳಿದರು, ಹೇಳಿ, “ಇದು ನಿನ್ನ ಹೊಟ್ಟ್ಯಾಗ ಇರಲಿ. ಮಾವಾರ ಮ್ಯಾಲ ಸಿಟ್ಟು ಮಾಡಬ್ಯಾಡ ಬೇ” ಅಂದರು. ಸಿಟ್ಟು ಬಂದಿತ್ತು, ಯಾಕೆ ಸುಳ್ಳು ಹೇಳಲಿ. ಮನೆಗೆ ಬಂದ ದಿನ ಮಾವ ಕೂಸನ್ನು ಎತ್ತಿಕೊಳ್ಳಲು ಅಂಜಿ ದೂರ ನಿಂತಿದ್ದು ನೋಡಿದ ಮೇಲೆ ಹೋಯಿತು.

ನರ್ಸಬಾಯಿ ರಿಟೈರಾಗಿ ನರೋಣಾಕ್ಕೆ ಹೋದರು. ಫೋನ್ ಮಾಡಿದರೆ ಮೊದಲ ಮಾತು ಅದೇ, ಏನ್ ಉಂಡಿ. ಈ ಸಲದ ಶ್ರಾವಣದಲ್ಲಿ, ಹೊಳೆ ದಂಡೆ ಮೀರಿ ಹರಿಯುತ್ತಿದ್ದಾಗ, ಅವರು ತೀರಿಹೋದರು ಅಂತ ಅವರ ಮಗನ ಫೋನ್ ಬಂತು. ನಾನು ಮಗಳ ಕೈ ಹಿಡಿದು ದಂಡೆಗೆ ಹೊರಟೆ. ಹಿಂದಿನಿಂದ ಕೋಲಿನ ಸದ್ದು ಬಂತು. ತಲೆಗೆ ರುಮಾಲು ಸುತ್ತಿ ಮಾವ ನಿಂತಿದ್ದರು. “ನಾನೂ ಬರ್ತೇನಿ” ಅಂದರು.

ದೋಣಿಯಲ್ಲಿ ಮಾವ ಮೊಮ್ಮಗಳ ಕೈ ಹಿಡಿದು ಕೂತರು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಅದೇ ಅಂಬಿಗ ಹುಟ್ಟು ಹಾಕುತ್ತಿದ್ದ, ಅವನಿಗೂ ತಲೆ ನೆರೆತಿದೆ. ನಡುಹೊಳೆಗೆ ಬಂದಾಗ ಮಾವ ಕಣ್ಣು ಮುಚ್ಚಿಕೊಂಡೇ ಬಾಯಿಬಿಟ್ಟರು.

“ತಮ್ಮಾ, ಅವತ್ತ ದೋಣಿ ಬಿಚ್ಚಿದಾವ ನಾನು. ನಿನ್ನ ಎಲ್ಲಾರೂ ಬೈಯುವಾಗ ನಾ ಸುಮ್ನ ನಿಂತಿದ್ದೆ.”

ಅಂಬಿಗ ಹುಟ್ಟು ನಿಲ್ಲಿಸಲಿಲ್ಲ. “ಗೊತ್ತದ್ರಿ ಗೌಡ್ರ. ಹೊಳಿ ಜಗ್ಗಿದ್ರ ಹಗ್ಗ ಹರೀತದ, ಗಂಟು ಬಿಚ್ಚಂಗಿಲ್ಲ. ಅವತ್ತ ಸಂಜೀನೇ ದವಾಖಾನ್ಯಾಗ ನಾ ಬಾಯಾರಿಗೆ ಕೇಳಿದೆ, ಅವರು ಖರೇ ಹೇಳಿದ್ರು. ತಪ್ಪು ಮಾಡದಾವ ತಲಿ ತಗ್ಗಿಸಿ ತಿರಗಬಾರದು, ನಿನಗರೇ ಗೊತ್ತಿರಲಿ ಅಂದ್ರು.”

ಮಾವ ಕಣ್ಣು ಬಿಟ್ಟರು. “ಮತ್ತ ಇಷ್ಟ ವರ್ಷ ನನಗೊಂದು ಮಾತು ಯಾಕ ಕೇಳಲಿಲ್ಲ?”

“ಗೌಡ್ರು ತಾವಾಗೇ ಹೇಳ್ತಾರ, ಕಾಯಿ ಅಂದಿದ್ರು ಬಾಯಾರು. ಕಾಯಾಕತ್ತಿದ್ದೆ.”