ಹೆಬ್ಬೆಟ್ಟು ಮಾಯವಾದ ಕಥೆ

ಹೊಸನಗರದಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದ ರಾಜೇಂದ್ರನಿಗೆ ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಬೇರೆಯವರಿಗೆ ಸಿಟ್ಟು ಬಂದರೆ ಬಾಯಿ ಮಾತಾಡುತ್ತದೆ, ಇವನಿಗೆ ಕೈ ಮಾತಾಡುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮೈಮೇಲೆ ಬಿದ್ದು ನುಗ್ಗಿದವನೊಬ್ಬನ ಹಲ್ಲು ಉದುರಿಸಿದ್ದ. ಗೇಟಿನ ಅಳತೆ ತಪ್ಪಿದೆ ಎಂದು ಕೂಗಾಡಿದ ಗಿರಾಕಿಯನ್ನು ಅದೇ ಗೇಟಿಗೆ ಒತ್ತಿ ಹಿಡಿದು ಉಸಿರು ಕಟ್ಟಿಸಿದ್ದ. ಕೊನೆಗೊಂದು ದಿನ, ಊಟಕ್ಕೆ ಕೂತಾಗ ಎದ್ದ ಎಂಥದೋ ಸಣ್ಣ ಮಾತಿಗೆ, ಒಡಹುಟ್ಟಿದ ತಮ್ಮ ಸುನಿಲನ ಹೆಗಲಿನ ಮೂಳೆ ಮುರಿದ. ಅನ್ನದ ತಟ್ಟೆಯ ಮೇಲೇ ತಮ್ಮ ಬಿದ್ದು ಒದ್ದಾಡಿದ್ದನ್ನು ಮನೆಮಂದಿಯೆಲ್ಲ ನೋಡಿದರು.

ಹೆಂಡತಿ ಸುಷ್ಮಾ ಆವತ್ತೇ ಬಟ್ಟೆ ಕಟ್ಟಿ ಮೇಳಿಗೆಯ ತವರಿಗೆ ಹೊರಟು ನಿಂತಳು. "ಆ ಕೈಗೆ ಏನಾದ್ರೂ ಒಂದು ದಾರಿ ಮಾಡ್ಕಳಿ. ಇನ್ನೊಂದ್ಸಲ ಯಾರ ಮೇಲಾದ್ರೂ ಎತ್ತಿದ್ರೆ ನಾನು ಹೋದವಳು ತಿರುಗಿ ಬರೂದಿಲ್ಲ" ಅಂದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು, ಅದು ಅವನಿಗೆ ಗೊತ್ತಿತ್ತು.

ದಾರಿ ತೋರಿಸಿದವನು ಹೇರಂಬ. ಸಾಗರದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಅವನದು, ಜೊತೆಗೆ ಜಾದೂವಿನ ಹುಚ್ಚು. ಅಂಗಡಿಯ ಶಟರ್ ರಿಪೇರಿಗೆ ಬಂದ ರಾಜೇಂದ್ರನ ಅಂಗೈ ಮೇಲೆ ಒಂದು ನಾಣ್ಯ ಇಟ್ಟು, "ಇದನ್ನ ಬೆರಳಿಂದ ಬೆರಳಿಗೆ ದಾಟ್ಸು ಮಾರಾಯ. ಕೈಗೆ ಕೆಲಸ ಇದ್ರೆ ಹೊಡೀಲಿಕ್ಕೆ ಪುರಸೊತ್ತಿರೂದಿಲ್ಲ" ಅಂದ. ನಗಬೇಡಿ, ಅದು ಕೆಲಸ ಮಾಡಿತು. ಸಿಟ್ಟು ಬಂದಾಗೆಲ್ಲ ರಾಜೇಂದ್ರ ಜೇಬಿಗೆ ಕೈ ಹಾಕಿ ನಾಣ್ಯ ಆಡಿಸತೊಡಗಿದ. ಹಾಗೆ ಕೆಲವು ವರ್ಷ ಕಳೆದವು. ಸುಷ್ಮಾ ಮನೆಯಲ್ಲೇ ಉಳಿದಳು, ಸುನಿಲನೂ ಮಾತಾಡಿಸತೊಡಗಿದ. ಹೇರಂಬ ರಾಜೇಂದ್ರನಿಗೆ ತಮ್ಮನಿಗಿಂತ ಹೆಚ್ಚಾದ.

ಇಬ್ಬರೂ ಸದಸ್ಯರಾಗಿದ್ದ ಸಾಗರದ ಜಾದೂ ಬಳಗ ತಿಂಗಳಿಗೊಂದು ಭಾನುವಾರ ಸೇರುತ್ತಿತ್ತು. ಬಾಗಿಲು ಹಾಕಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಾಲ್, ಹದಿನೈದಿಪ್ಪತ್ತು ಕುರ್ಚಿ. ಅಧ್ಯಕ್ಷ ಸೀತಾರಾಮಪ್ಪ ನಿವೃತ್ತ ಮೇಷ್ಟ್ರು. ಬರೀ ಕೈಚಳಕ ಸಾಲದು, ಪ್ರತಿ ಆಟಕ್ಕೂ ಒಂದು ಕಥೆ ಇರಬೇಕು ಎಂಬುದು ಅವರ ಕಟ್ಟಪ್ಪಣೆ. ಆಟದ ಗುಟ್ಟು ಅಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಅಲ್ಲಿ ಯಾರೂ ಯಾವುದನ್ನೂ ನಿಜವೆಂದು ನಂಬುತ್ತಿರಲಿಲ್ಲ.

ಹೋದ ಫೆಬ್ರವರಿಯಲ್ಲಿ ಹೇರಂಬ ಒಂದು ಹೊಸ ಕಥೆ ತಂದ. "ಇದು ನಮ್ಮಜ್ಜ ಹೇಳ್ತಿದ್ದ ಕಥೆ. ಅರಳಸುರಳಿಯಲ್ಲಿ ನಮ್ಮದೊಂದು ಆಲೆಮನೆ ಇತ್ತು. ಪುಟ್ಟ ಅಂತ ಒಬ್ಬ ಗೇಣಿಯವ. ಬೆಲ್ಲ ಕಂಡ್ರೆ ಬಾಯಿ ಬಿಡ್ತಿದ್ದ. ಯಾರೂ ಇಲ್ಲ ಅಂತ ಕಬ್ಬಿನ ಹಾಲು ನೆಕ್ಕಲಿಕ್ಕೆ ಗಾಣಕ್ಕೆ ಕೈ ಹಾಕಿದ. ತೆಗೆದು ನೋಡ್ತಾನೆ, ಹೆಬ್ಬೆಟ್ಟೇ ಮಾಯ!" ಎನ್ನುತ್ತ ಕೈ ಕೊಡವಿದ. ರಬ್ಬರಿನ ಹೆಬ್ಬೆರಳೊಂದು ನೆಲಕ್ಕೆ ಬಿದ್ದು ಪುಟಿಯಿತು. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ರಾಜೇಂದ್ರ ಮಾತ್ರ ಕೂತಲ್ಲಿಂದ ಎದ್ದ. ಅರಳಸುರಳಿಯ ಆ ಪುಟ್ಟ, ಪುಟ್ಟಪ್ಪ, ಅವನ ಅಜ್ಜ. ಹೆಬ್ಬೆಟ್ಟೂ ಅದರ ಪಕ್ಕದ ಎರಡು ಬೆರಳೂ ಇಲ್ಲದ ಆ ಎಡಗೈ ಹಿಡಿದೇ ನಡೆಯಲು ಕಲಿತವನು ಅವನು. ನಡೆದದ್ದನ್ನು ಅಜ್ಜಿ ಕೆರಿಯಮ್ಮ ಅತ್ತು ಅತ್ತು ಹೇಳಿದ್ದಳು, ಒಡೆಯರ ಮನೆ ಯಾವುದೆಂದು ಮಾತ್ರ ಸಾಯುವ ತನಕ ಹೇಳಿರಲಿಲ್ಲ. ಮೊಮ್ಮಕ್ಕಳು ಹೊಡೆದಾಡಿ ಜೈಲು ಸೇರುತ್ತಾರೆ ಎಂಬ ಹೆದರಿಕೆ ಅವಳಿಗೆ.

ಆ ದಿನ ಅವನು ಹೇರಂಬನನ್ನು ಅಲ್ಲೇ ಕೊಲ್ಲಬಹುದಿತ್ತು. ಜೇಬಿನಲ್ಲಿ ನಾಣ್ಯವನ್ನು ಅಂಗೈ ಕುಯ್ಯುವಷ್ಟು ಹಿಸುಕಿ ಹಿಡಿದು, ಸುಷ್ಮಾಳ ಮುಖ ನೆನೆಸಿಕೊಂಡು, ಯಾರಿಗೂ ಏನೂ ಹೇಳದೆ ಬಸ್ಸು ಹತ್ತಿದ.

ಕೈ ಕತ್ತರಿಸುವ ಆಟಕ್ಕೆ ಯಂತ್ರವೊಂದನ್ನು ಮಾಡಬೇಕೆಂದು ಗೆಳೆಯರಿಬ್ಬರೂ ಮೊದಲೇ ಯೋಚಿಸಿ ಚಿತ್ರ ಬರೆದಿಟ್ಟಿದ್ದರು. ರಾಜೇಂದ್ರ ಅದನ್ನು ಆ ತಿಂಗಳೇ ಮಾಡಿ ಮುಗಿಸಿದ. ಆಳೆತ್ತರದ ಕಬ್ಬಿಣದ ಚೌಕಟ್ಟು, ಮೇಲೆ ಹಗ್ಗಕ್ಕೆ ತೂಗುವ ಅಲಗು, ಕೆಳಗೆ ಕೈ ತೂರಿಸಿ ಚಿಲಕ ಹಾಕುವ ತೂತು, ಪಕ್ಕದಲ್ಲೊಂದು ಕೀಲು. ಕೀಲು ಒತ್ತಿದರೆ ಅಲಗು ಕೈಗೆ ತಾಗದೆ ಸರಿದುಹೋಗುತ್ತದೆ. ಒತ್ತದಿದ್ದರೆ ಕಡಿಯುತ್ತದೆ. ಕಥೆಯನ್ನಷ್ಟೇ ಹೇಳುತ್ತೇನೆ, ನಿಜ ಏನೆಂದು ಹೇರಂಬನಿಗೆ ತಿಳಿದರೆ ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಷ್ಟೇ ಆಗಿದ್ದರೆ ಅಲಗಿಗೆ ಅಷ್ಟು ಸಾಣೆ ಯಾಕೆ ಹಿಡಿದ? ಅದನ್ನು ಅವನೂ ಕೇಳಿಕೊಳ್ಳಲಿಲ್ಲ.

ಮಾರ್ಚಿನ ಸಭೆಯಲ್ಲಿ ಮೊದಲು ಬಾಳೆದಿಂಡನ್ನು ತೂತಿಗಿಟ್ಟು ಹಗ್ಗ ಬಿಟ್ಟ. ದಿಂಡು ಎರಡು ತುಂಡಾಗಿ ಬಿತ್ತು. ಆಮೇಲೆ ಹೇರಂಬನನ್ನು ಕರೆದ. ಅವನು ನಗುತ್ತಲೇ ಬಂದು ಕೈ ತೂರಿಸಿದ. ರಾಜೇಂದ್ರ ಚಿಲಕ ಹಾಕಿದ.

"ಪುಟ್ಟಪ್ಪ ಬೆಲ್ಲ ಕದ್ದಿರ್ಲಿಲ್ಲ" ಎಂದು ಶುರುಮಾಡಿದ. "ಗೇಣಿ ಜಮೀನು ತನಗೆ ಬರ್ಬೇಕು ಅಂತ ಸರ್ಕಾರಕ್ಕೆ ಡಿಕ್ಲರೇಷನ್ ಹಾಕಿದ್ದ. ಓದು ಬರ್ತಿರ್ಲಿಲ್ಲ, ಹೆಬ್ಬೆಟ್ಟು ಒತ್ತಿದ್ದ. ಒಡೇರು ಆಲೆಮನೆಗೆ ಹೇಳಿಕಳ್ಸಿದ್ರು. ಯಾವ ಕೈಯಲ್ಲಿ ಒತ್ತಿದ್ಯೋ ಅಂತ ಕೇಳಿದ್ರು. ಎಡಗೈ ತೋರ್ಸಿದ. ಇಬ್ರು ಆಳು ಅವನ ಹೆಗಲು ಹಿಡ್ಕಂಡ್ರು. ಒಡೇರೇ ಆ ಕೈ ಹಿಡ್ದು ಗಾಣಕ್ಕೆ ಇಟ್ರು. ಕೋಣ ಹೊಡೀರೋ ಅಂದ್ರು."

ಹೇರಂಬನ ಮುಖದ ನಗು ಆರಿತು.

"ಸುತ್ತ ನಿಂತವ್ರೆಲ್ಲ ಮೊದ್ಲು ನಕ್ರಂತೆ. ಒಡೇರು ಹೆದ್ರಿಸ್ತಾರೆ ಅಷ್ಟೆ ಅಂತ. ಪುಟ್ಟಪ್ಪ ಕೂಗ್ದ, ಇನ್ನೂ ನಕ್ರು. ಮೂಳೆ ಮುರಿಯೋ ಸದ್ದು ಕೇಳಿದ್ ಮೇಲೇ ನಗು ನಿಂತದ್ದು. ಕಬ್ಬಿನ ಹಾಲಿನ ಜೊತೆ ರಕ್ತ ಕೊಪ್ಪರಿಗೆಗೆ ಹೋಯ್ತು. ಅಷ್ಟೂ ಹಾಲು ಹಾಳಾಯ್ತು ಅಂತ ಒಡೇರು ಅವನಿಗೇ ಒದ್ರು."

"ರಾಜೇಂದ್ರ," ಹೇರಂಬ ಮೆತ್ತಗೆ ಕೇಳಿದ, "ಪುಟ್ಟಪ್ಪ ನಿಂಗೆ ಏನಾಗ್ಬೇಕು?"

"ಅಜ್ಜ."

ಹೇರಂಬನ ಕಣ್ಣು ಪಕ್ಕಕ್ಕೆ ಹೊರಳಿತು. ರಾಜೇಂದ್ರನ ಎಡಗೈ ಕೀಲಿನ ಹತ್ತಿರವೂ ಇರಲಿಲ್ಲ. ಬಲಗೈಯಲ್ಲಿ ಹಗ್ಗ, ಕಣ್ಣು ಕೆಂಡದ ಹಾಗೆ. ಹೇರಂಬ ಕೈ ಎಳೆದುಕೊಳ್ಳಲು ಒದ್ದಾಡಿದ. ಚಿಲಕ ಬಿಡಲಿಲ್ಲ. "ಕೀಲು ಒತ್ತಿಲ್ಲ ಇವ್ನು. ಬಿಡ್ಸಿ ನನ್ನ. ಯಾರಾದ್ರೂ ಬನ್ನಿ, ಕೈ ಕಡೀತಾನೆ" ಎಂದು ಕೂಗಿದ.

ಸಭೆಗೆ ಸಭೆಯೇ ನಕ್ಕಿತು. "ಆಕ್ಟಿಂಗ್ ಅಂದ್ರೆ ಇದು ನೋಡಿ" ಎಂದು ಸೀತಾರಾಮಪ್ಪ ತೊಡೆ ತಟ್ಟಿಕೊಂಡರು. ಹೇರಂಬ ಇನ್ನೂ ಜೋರಾಗಿ ಕಿರುಚಿದ. ಅವರು ಇನ್ನೂ ಜೋರಾಗಿ ನಕ್ಕರು.

ಆ ನಗು ರಾಜೇಂದ್ರನ ಕಿವಿಗೆ ಬಿತ್ತು. ಅಜ್ಜಿ ಹೇಳಿದ್ದ ನಗು ಇದೇ. ಆಲೆಮನೆಯಲ್ಲಿ ಅಜ್ಜನ ಸುತ್ತ ನಿಂತು ನಕ್ಕವರು ಹೀಗೇ ನಕ್ಕಿದ್ದರು. ಹಾಗಾದರೆ ಕೈ ಹಿಡಿದು ಗಾಣಕ್ಕಿಟ್ಟವನ ಜಾಗದಲ್ಲಿ ಈಗ ನಿಂತಿರುವವನು ಯಾರು? ಬೇಡ ಅನ್ನಿಸಿತು. ಖಂಡಿತ ಬೇಡ ಅನ್ನಿಸಿತು.

ಆದರೆ ಬೆವರಿದ ಅಂಗೈಯಿಂದ ಹಗ್ಗ ಜಾರಿತ್ತು. ಕೀಲು ಹುಡುಕಲು ಹೊತ್ತಿರಲಿಲ್ಲ. ಬೀಳುತ್ತಿದ್ದ ಅಲಗಿಗೆ ತನ್ನ ಎಡಗೈಯನ್ನೇ ಅಡ್ಡ ಕೊಟ್ಟ.

ಅಲಗು ಬೆರಳು ಕಡಿದು ಅಂಗೈ ಮೂಳೆಗೆ ಸಿಕ್ಕಿ ನಿಂತಿತು, ಹೇರಂಬನ ಮಣಿಕಟ್ಟಿಗೆ ಕೂದಲೆಳೆಯಷ್ಟು ಮೇಲೆ. ರಕ್ತ ಚಿಮ್ಮಿ ಮುಂದಿನ ಸಾಲಿನ ಬಿಳಿ ಅಂಗಿಗಳ ಮೇಲೆ ಬಿತ್ತು. ಬಳಗವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಶಿಳ್ಳೆ ಹಾಕಿದರು. ಬಣ್ಣ ಎಲ್ಲಿಂದ ತರಿಸಿದೆ ಎಂದು ಇನ್ಯಾರೋ ಕೇಳಿದರು.

ಹೇರಂಬ ಇನ್ನೊಂದು ಕೈಯಿಂದ ಜಗ್ಗಿ ಜಗ್ಗಿ ಕೊನೆಗೂ ಚಿಲಕ ಕಿತ್ತು ಬಿಡಿಸಿಕೊಂಡ. ಗಾಯಕ್ಕೆ ಕಟ್ಟಲು ಜೇಬಿನಿಂದ ಕರವಸ್ತ್ರ ಎಳೆದ. ಅದು ಆಟದ ಕರವಸ್ತ್ರ. ಕೆಂಪು, ಹಳದಿ, ಹಸಿರು ಒಂದಕ್ಕೊಂದು ಗಂಟು ಬಿದ್ದು ಬರುತ್ತಲೇ ಇದ್ದವು. ಅವನು ಅಳುತ್ತ ಎಳೆದು ಎಳೆದು ಸುತ್ತುತ್ತಿದ್ದ, ಜನ ಬಿದ್ದು ಬಿದ್ದು ನಗುತ್ತಿದ್ದರು.

ಕಾಲ ಬಳಿ ಬಿದ್ದದ್ದನ್ನು ಸೀತಾರಾಮಪ್ಪ ಬಗ್ಗಿ ಎತ್ತಿಕೊಂಡರು. ಮೆಚ್ಚುಗೆಯಿಂದ ತಿರುಗಿಸಿ ನೋಡಿದರು. ರಬ್ಬರಿನ ಅಂಚು ಹುಡುಕಿದರು, ಸಿಗಲಿಲ್ಲ. ಉಗುರಿನ ಸಂದಿಯಲ್ಲಿ ವೆಲ್ಡಿಂಗಿನ ಕಪ್ಪು ಇತ್ತು. ಹೆಬ್ಬೆರಳು ಇನ್ನೂ ಬೆಚ್ಚಗಿತ್ತು.

ಅವರ ಮುಖ ನೋಡಿ ಒಬ್ಬೊಬ್ಬರೇ ಚಪ್ಪಾಳೆ ನಿಲ್ಲಿಸಿದರು. ನೆಲಕ್ಕೆ ಕುಸಿದಿದ್ದ ರಾಜೇಂದ್ರ, "ಸುಷ್ಮಾಗೆ ಹೇಳು, ನಾನು ಯಾರ ಮೇಲೂ ಕೈ ಎತ್ತಲಿಲ್ಲ ಅಂತ" ಅಂದ. ಅದು ಪೂರ್ತಿ ನಿಜವಲ್ಲ ಎಂದು ಅವನಿಗೂ ಗೊತ್ತಿತ್ತು, ಹೇರಂಬನಿಗೂ ಗೊತ್ತಿತ್ತು.

"ಹೇಳ್ತೆ" ಅಂದ ಹೇರಂಬ. ರಾಜೇಂದ್ರನ ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಸಭೆಯ ಕಡೆ ತಿರುಗಿದ.

"ಪುಟ್ಟಪ್ಪ ಬೆಲ್ಲ ಕದ್ದಿರ್ಲಿಲ್ಲ" ಅಂದ. "ನಮ್ಮಜ್ಜ ಸುಳ್ಳು ಹೇಳಿದ್ದ."