ಬೇಯದ ಬೇಳೆ ಉಳಿಸಿದ ಕೆರೆ

ಹೊತ್ತು ಇನ್ನೂ ಮೂಡಿಲ್ಲ. ಸಾವಕ್ಕ ಚಪ್ಪಲಿಯನ್ನು ಏರಿಯ ಮೇಲೆ ಬಿಟ್ಟು ಕೆರೆಗೆ ಇಳಿಯುತ್ತಾರೆ. ತಂಬಿಗೆ ಮುಳುಗಿಸಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಾರೆ. ಉಗುಳಿದರೆ ಊರಿಗೆ ಕೆಟ್ಟ ಸುದ್ದಿ. ಇವತ್ತು ನುಂಗುತ್ತಾರೆ. ಇನ್ನೊಂದು ಗುಟುಕನ್ನೂ ಕುಡಿಯುತ್ತಾರೆ. ಅದು ಪರೀಕ್ಷೆಗಲ್ಲ, ಬಾಯಾರಿಕೆಗೆ.

ನವಲಗುಂದ ತಾಲ್ಲೂಕಿನಲ್ಲಿ, ಯಮನೂರಿನಿಂದ ಒಳಗೆ ಹೋದರೆ ಸಿಗುವ ಎರೇಕೊಪ್ಪಕ್ಕೆ ನೀರು ಬಿಡುವ ಕೆಲಸ ಇವರದು. ವಯಸ್ಸು ಐವತ್ತಮೂರು, ಸರ್ವಿಸ್ ಹತ್ತೊಂಬತ್ತು. ದಿನಕ್ಕೆ ಮುನ್ನೂರ ಹನ್ನೆರಡು ಮನೆ, ಒಂಬತ್ತು ವಾಲ್ವ್, ಕಡಿಮೆಯೆಂದರೂ ಐವತ್ತು ಬೈಗುಳ. "ಬೈದವ್ರ ಮನಿಗೂ ನೀರು ಬಿಡಬೇಕಲ್ರಿ, ಇಲ್ಲಂದ್ರ ಮರುದಿನ ಬೈಯಾಕ ಅವರ ಗಂಟಲಾ ಒಣಗಿರ್ತೈತಿ" ಎನ್ನುತ್ತಾರೆ.

ಈ ಕರಿಮಣ್ಣಿನ ಸೀಮೆಯಲ್ಲಿ ಎಲ್ಲಿ ಬೋರ್ ಹೊಡೆದರೂ ಉಪ್ಪಿನ ಸವಳು ನೀರೇ. ಅದರಲ್ಲಿ ಚಹಾ ಒಡೆಯುತ್ತದೆ, ಸಾಬೂನು ನೊರೆ ಕೊಡುವುದಿಲ್ಲ, ತೊಗರಿಬೇಳೆಯಂತೂ ಬೇಯುವುದಿಲ್ಲ ಎಂದು ಹಟ ಹಿಡಿಯುತ್ತದೆ. ಕಾಲುವೆಯಿಂದ ತುಂಬಿಸಿಕೊಳ್ಳುವ ಈ ಕೆರೆಯೊಂದೇ ಸಿಹಿ. ಎರಡು ವರ್ಷದ ಹಿಂದೆ ಅದೂ ಉಪ್ಪಾಯಿತು. ಬೇಸಗೆಯಲ್ಲಿ ನೀರು ಇಳಿದಂತೆಲ್ಲ ಸಾವಕ್ಕ ದಿನಾ ಉಗುಳತೊಡಗಿದರು. ನೀರು ಪರೀಕ್ಷೆಯ ಸಾಹೇಬರು ಬಂದು ಬಾಟ್ಲಿ ತುಂಬಿಕೊಂಡು ಹೋಗಿ 'ಕುಡಿಯಲು ಯೋಗ್ಯವಲ್ಲ' ಎಂದು ಕಾಗದ ಕಳಿಸಿದರು. ಕಾಲುವೆಗೆ ನೀರು ಬರಲು ಹದಿನೈದು ದಿನ ಬಾಕಿ. ಅಷ್ಟರೊಳಗೆ ಕೆರೆ ಸರಿಯಾಗದಿದ್ದರೆ ನೀರು ಪಕ್ಕದೂರಿಗೆ. ಎರೇಕೊಪ್ಪಕ್ಕೆ ಟ್ಯಾಂಕರ್, ಮನೆಗೆ ನಾಲ್ಕೇ ಕೊಡ.

ಆಗ ಕೆರೆ ಬತ್ತಿ ಐದು ಮಡು ಉಳಿದಿದ್ದವು. ಸಾವಕ್ಕ ಐದನ್ನೂ ರುಚಿ ನೋಡಿದರು. ನಾಲ್ಕು ಪರವಾಗಿಲ್ಲ, ಬಡಗಣ ಮೂಲೆಯದು ಮಾತ್ರ ಅಗದಿ ಸವಳು. ಪಂಚಾಯ್ತಿಯಲ್ಲಿ ಹೇಳಿದರೆ, ಊರಿನ ದೊಡ್ಡ ಹೊಲದ ಯಜಮಾನ ಶಂಕ್ರಪ್ಪ ನಕ್ಕರು: "ನಿನ್ನ ನಾಲಿಗೀನ ಲ್ಯಾಬ್ ಆತೇನಬೇ?"

"ನಾಲಿಗಿ ಮಾತು ಬ್ಯಾಡ್ರಿ ಕಾಕಾ, ಬ್ಯಾಳೀನ ಕೇಳೂಣು."

ಮರುದಿನ ಪಂಚಾಯ್ತಿ ಮುಂದೆ ಐದು ಒಲೆ, ಐದು ಗಡಿಗೆ, ಐದು ಮಡುವಿನ ನೀರು. ಬೇಳೆ ಮಾತ್ರ ಒಂದೇ ಚೀಲದ್ದು, ನೆರೆಮನೆಯ ಮರಿಯಮಬಿ ತಂದದ್ದು. ಒಂದೂವರೆ ತಾಸಿನಲ್ಲಿ ನಾಲ್ಕು ಗಡಿಗೆಯ ಬೇಳೆ ಕರಗಿ ಮುದ್ದೆಯಾಯಿತು. ಬಡಗಣ ಮಡುವಿನದು ಮಾತ್ರ ಚೌಕಾಬಾರಾ ಆಡಲು ಒದಗುವಷ್ಟು ಗಟ್ಟಿ. ಶಂಕ್ರಪ್ಪ ಒಂದು ಕಾಳು ಕಡಿದು, ದವಡೆ ಹಿಡಿದುಕೊಂಡೇ ಒಪ್ಪಿಕೊಂಡರು:

"ಆ ಮೂಲಿ ನಾನ ಅಗಿಸೀನಿ, ಹೊಲಕ್ಕ ಹೂಳು ಒಯ್ಯಾಕಂತ. ಹೂಳು ಮುಗದ ಮ್ಯಾಲೂ ಎರಡು ಮೊಳ. ಮಣ್ಣು ಕರ್ರಗ ಬೆಣ್ಣಿ ಹಂಗಿತ್ತು, ಆಸೆ ತಡೀಲಿಲ್ಲ."

"ಅದು ಹೂಳಲ್ರಿ ಯಜಮಾನ್ರ, ಕೆರಿ ತಳಾ" ಎಂದರು ಮರಿಯಮಬಿ.

ಹಿಂದಿನವರು ಜಿಗುಟು ಮಣ್ಣು ಹಾಕಿ, ದನ ತುಳಿಸಿ ಮಾಡಿದ್ದ ತಳ ಅದು. ಕೆಳಗಿನ ಉಪ್ಪನ್ನು ಕೆಳಗೇ ಇಟ್ಟಿದ್ದ ಆ ಮಣ್ಣೀಗ ಗೊಬ್ಬರವಾಗಿ ಶಂಕ್ರಪ್ಪನವರ ಹೊಲದಲ್ಲಿ ಹರಡಿಕೊಂಡಿತ್ತು. ಅಂದೇ ಅವರು ತಮ್ಮ ಟ್ರ್ಯಾಕ್ಟರಿನಲ್ಲೇ ಅದನ್ನು ಆ ಮೂಲೆಗೆ ವಾಪಸು ಹೇರಿಸಿದರು. ಮೂವತ್ತಾರು ಎಮ್ಮೆಗಳಿಂದ ಅದನ್ನು ಒಂಬತ್ತು ದಿನ ತುಳಿಸಲಾಯಿತು. ಕೂಲಿ ಕೇಳದ, ಸಭೆ ಕರೆಯದ ಕೆಲಸಗಾರರು ಅವು. ಮುಂದೆ ನಡೆದು ಅವುಗಳನ್ನು ತಿರುಗಿಸಿದವರು ಸಾವಕ್ಕ, ಮೊಳಕಾಲುದ್ದ ಕೆಸರಿನಲ್ಲಿ. ತುಳಿತ ಮುಗಿದ ಮರುದಿನ, ಕೆಳಗಿನಿಂದ ಜಿನುಗುತ್ತಿದ್ದ ಸವಳಿನ ಒಸರು ನಿಂತಿತು. ಹದಿನೈದನೆಯ ದಿನ ಕಾಲುವೆ ನೀರು ಕೆರೆಗೇ ಬಂತು, ಪಕ್ಕದೂರಿಗಲ್ಲ.

ಈ ಬೇಸಗೆ ಕೆರೆ ಮತ್ತೆ ತಳ ಕಂಡಿದೆ. ಐದೂ ಮಡು ಸಿಹಿ. ಸಾಹೇಬರ ಹೊಸ ಕಾಗದವೂ 'ಯೋಗ್ಯ' ಎನ್ನುತ್ತದೆ. ಸಾವಕ್ಕನ ಹೆಸರು ಅದರಲ್ಲಿಲ್ಲ.

ಬೇಸರವಿಲ್ಲವೇ ಎಂದರೆ ವಾಲ್ವ್ ತಿರುಗಿಸುತ್ತಲೇ ಹೇಳುತ್ತಾರೆ: "ಮೊನ್ನೆ ಹುಬ್ಬಳ್ಳಿ ಬೀಗರು ಬಂದಿದ್ರು, ಬಾಟ್ಲಿ ನೀರು ಹೊತಗೊಂಡು. ಹೋಗೂವಾಗ ಅದನ್ನ ಗಿಡಕ್ಕ ಸುರುವಿ ನಮ್ಮ ಕೆರಿ ನೀರು ತುಂಬಕೊಂಡು ಹೋದ್ರು. ಮುಚ್ಚಳ ಗಟ್ಟಿ ಹಾಕ್ಕೋರಿ ಅಂದೆ, ಅಷ್ಟ."