ಅತ್ತೆಯ ಎರಡನೇ ಗದ್ದ

ನಿವೃತ್ತಿಯ ಬೀಳ್ಕೊಡುಗೆ ಫೋಟೊದಲ್ಲಿ ತಮಗೆ ಎರಡು ಗದ್ದವಿರುವುದನ್ನು ಕಂಡ ದಿನದಿಂದ ನಮ್ಮತ್ತೆಗೆ ಊಟವೇ ರುಚಿಸಲಿಲ್ಲ. ಊರ ಮಕ್ಕಳಿಗೆಲ್ಲ ಗಣಿತ ಕಲಿಸಿದ ಮೇಡಂ ಒಂದು ಬೆಳಿಗ್ಗೆ ನನ್ನ ಸ್ಕೂಟರ್ ಹತ್ತಿ ಕುವೆಂಪುನಗರದ ಸೌಂದರ್ಯ ಕ್ಲಿನಿಕ್ಕಿಗೆ ಹೊರಟೇಬಿಟ್ಟರು. ಅಲ್ಲಿ ಗದ್ದದಡಿ ಸಣ್ಣ ತೂತು ಮಾಡಿ, ನಳಿಕೆಯಿಂದ ಕೊಬ್ಬು ಹೀರಿ, ಊಟದ ಹೊತ್ತಿಗೆಲ್ಲ ಕಳಿಸಿಕೊಟ್ಟರು. ದಾರಿಯಲ್ಲಿ ಅತ್ತೆ ಸ್ಕೂಟರ್ ನಿಲ್ಲಿಸಲು ಹೇಳಿ, ಆಣೆಗೆಂದು ನನ್ನ ಕೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡರು.

"ಹಲ್ಲು ಕೀಳಿಸಿದ್ದು ಅಂತ ಹೇಳ್ಬೇಕು. ಯಾರಿಗಾದ್ರೂ ನಿಜ ಹೇಳ್ಬುಟ್ಟೆ ಅಂದ್ರೆ ನಾನು ಸತ್ತಂಗೇ ಕಣೆ."

ನನಗೋ ಕುಣಿಯುವಷ್ಟು ಖುಷಿ. ಅತ್ತೆಯ ಗುಟ್ಟು ಸೊಸೆಯ ಕೈಯಲ್ಲಿ! ಹಲ್ಲುನೋವೆಂದು ನಟಿಸುತ್ತಾ ಅವರು ಗಂಜಿ ಕುಡಿದರೆ, ನಮ್ಮ ಯಜಮಾನರು "ಪಾಪ ಅಮ್ಮ" ಎನ್ನುತ್ತಿದ್ದರು. ನಾವಿಬ್ಬರೂ ಅಡುಗೆಮನೆಗೆ ಓಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ತಿಂಗಳು ಕಳೆಯುವಷ್ಟರಲ್ಲಿ ಗದ್ದದಡಿ ಕೆಂಪು ಗಂಟೆದ್ದಿತು. ಪಕ್ಕದ ಮನೆಯಾಕೆ ಮಂಗನಬಾವು ಎಂದು ಅರಿಶಿನ ಸುಣ್ಣ ಮೆತ್ತಿದರು. ಮಾತ್ರೆಗೂ ಅದು ಬಗ್ಗಲಿಲ್ಲ. ಒಂದಿದ್ದದ್ದು ಎರಡಾಯಿತು, ಕೀವು ಸೋರತೊಡಗಿತು. ಮೂವರೂ ದೊಡ್ಡ ಡಾಕ್ಟರ ಬಳಿ ಹೋದೆವು. ಅವರು ಕೀವಿನ ಪರೀಕ್ಷೆ ಮಾಡಿಸಿ, ಕ್ಷಯದ ಜಾತಿಯ ರೋಗಾಣು ಕಾಣುತ್ತಿದೆ ಎಂದರು. ಯಜಮಾನರ ಮುಖ ಬಿಳಿಚಿಕೊಂಡಿತು.

"ಈ ಜಾಗದಲ್ಲಿ ಏನಾದ್ರೂ ಮಾಡಿಸಿದ್ರಾ ಅಮ್ಮ?" ಎಂದು ಡಾಕ್ಟರು ಕೇಳಿದರು.

"ಹಲ್ಲು ಕೀಳಿಸಿದ್ದೆ," ಎಂದರು ಅತ್ತೆ. ಡಾಕ್ಟರಿಗೂ ಅದೇ ಪಾಠ!

ಡಾಕ್ಟರು ಕ್ಷಯದ ಔಷಧಿ ಬರೆಯಲು ಪೆನ್ನೆತ್ತಿದರು. ಹೇಳಿದರೆ ಅತ್ತೆ ಆಣೆ ತಟ್ಟಿ ಹೋಗುತ್ತಾರೆ, ಹೇಳದಿದ್ದರೆ ತಪ್ಪು ಔಷಧಿ ನುಂಗಿ ಹೋಗುತ್ತಾರೆ. ಡಿಗ್ರಿ ಓದಿದವಳಾದರೂ ಆಣೆಗೆ ನಿಜವಾಗಿಯೂ ಹೆದರಿದ್ದೆ. ಕೊನೆಗೆ ಕಣ್ಣು ಮುಚ್ಚಿಕೊಂಡು, "ಹಲ್ಲಲ್ಲ ಸಾರ್, ಗದ್ದದ ಕೊಬ್ಬು ತೆಗೆಸಿದ್ರು!" ಎಂದು ಕಿರುಚಿಬಿಟ್ಟೆ. ಯಜಮಾನರು ತಾಯಿಯ ಗದ್ದವನ್ನು ಅಂದೇ ಮೊದಲ ಸಲ ಸರಿಯಾಗಿ ನೋಡಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೊದಲೇ ಹೇಳ್ಬಾರ್ದಾ? ಹಾಗಾದ್ರೆ ಇದು ಕ್ಷಯದ ದಾಯಾದಿ ಇರ್ಬೇಕು. ನೀರಲ್ಲಿರೋ ರೋಗಾಣು, ಸರಿಯಾಗಿ ಶುದ್ಧ ಮಾಡದ ನಳಿಕೆ ಜೊತೆ ಒಳಗೆ ಹೋಗುತ್ತೆ. ಇನ್ನೊಂದು ಪರೀಕ್ಷೆ ಮಾಡಿಸೋಣ. ಔಷಧಿ ಬೇರೆ, ತಿಂಗಳುಗಟ್ಟಲೆ ತಗೋಬೇಕು, ಆದ್ರೆ ವಾಸಿಯಾಗುತ್ತೆ."

ಹೊರಗೆ ಬಂದ ಮೇಲೆ ನೆಲ ನೋಡುತ್ತಾ, "ತಪ್ಪಾಯ್ತು ಅತ್ತೆ," ಎಂದೆ. ಅವರು ನನ್ನ ತೋಳನ್ನು ಜೋರಾಗಿ ಚಿವುಟಿದರು.

"ಇಷ್ಟು ದಿನ ಬೇಕಾಯ್ತಾ ನಿಂಗೆ? ನಂಗಂತೂ ನಾಚಿಕೆಗೆ ಬಾಯೇ ಬರ್ತಿರಲಿಲ್ಲ. ಯಾವಾಗ ಹೇಳ್ಬುಡ್ತೀಯೋ ಅಂತ ದಿನಾ ನಿನ್ನ ಮುಖಾನೇ ನೋಡ್ತಾ ಕೂತಿದ್ದೆ ಕಣೆ."